ರಿಕಂಬೆಂಟ್‌ಗೆ 170 ಕ್ರ್ಯಾಂಕ್ ಉದ್ದವಾಯ್ತಾ? ಮಂಡಿ ನೋಯುತ್ತೆ, ಹಿಮ್ಮಡಿ ಚಕ್ರಕ್ಕೆ ತಾಗುತ್ತೆ

ಎದುರುಗಾಳಿ:
ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇನೆ. ಸೆಕೆಂಡ್ ಹ್ಯಾಂಡ್ ಶಾರ್ಟ್ ವೀಲ್‌ಬೇಸ್ ರಿಕಂಬೆಂಟ್ (ಒರಗಿ ಕೂತು, ಕಾಲು ಮುಂದಕ್ಕೆ ಚಾಚಿ ತುಳಿಯೋ ಸೈಕಲ್; ಇದರಲ್ಲಿ ಮುಂದಿನ ಚಕ್ರ ಪೆಡಲ್‌ಗಿಂತ ಹಿಂದಿರುತ್ತದೆ) ತಗೊಂಡೆ. ಕ್ರ್ಯಾಂಕ್ (ಪೆಡಲ್ ಕೂರೋ ತೋಳು) 170 ಮಿ.ಮೀ., ಮುಂದೆ 50 ಹಲ್ಲಿನ ಒಂದೇ ಚೈನ್‌ರಿಂಗ್ (ಹಲ್ಲುಚಕ್ರ). ನನ್ನ ಒಳಗಾಲಿನ ಅಳತೆ (ತೊಡೆಸಂದಿಯಿಂದ ನೆಲಕ್ಕೆ) 74 ಸೆಂ.ಮೀ. ಗಾಳಿ ಜಾಸ್ತಿ ಇದ್ದ ದಿನ ಮಂಡಿಚಿಪ್ಪಿನ ಮುಂಭಾಗ ನೋಯುತ್ತದೆ. ಮಾಮೂಲಿ ಸೈಕಲ್‌ನಲ್ಲೂ 170 ಕ್ರ್ಯಾಂಕೇ ಇದೆ, ಅಲ್ಲಿ ಏನೂ ಆಗಲ್ಲ. ತಿರುವಿನಲ್ಲಿ ಹಿಮ್ಮಡಿ ಮುಂದಿನ ಚಕ್ರಕ್ಕೆ ತಾಗುತ್ತದೆ ಬೇರೆ. 155ಕ್ಕೆ ಇಳಿಸಲಾ? ಶಕ್ತಿ ಕಮ್ಮಿಯಾಗುತ್ತೆ ಅಂತ ಒಬ್ಬ ಸ್ನೇಹಿತ ಹೆದರಿಸುತ್ತಿದ್ದಾನೆ.

ಚೈನ್‌ಮಣಿ:
ದುಡ್ಡು ಹಾಕೋ ಮುಂಚೆ ಬೂಮ್ (ಕ್ರ್ಯಾಂಕ್ ಹೊತ್ತ, ಹಿಂದೆ ಮುಂದೆ ಸರಿಸಬಹುದಾದ ಮುಂದಿನ ಕೊಳವೆ) ನೋಡಿ. ಸೀಟಿಗೆ ಬೆನ್ನು ಒತ್ತಿ ಕೂತು, ಶೂ ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು, ಪೆಡಲನ್ನು ಅತಿ ದೂರಕ್ಕೆ ತಿರುಗಿಸಿ. ಕಾಲು ನೆಟ್ಟಗಾಗಬೇಕು, ಸೊಂಟ ಜಾರಬಾರದು. ಆಗಲೂ ಮಂಡಿ ಮಡಚಿದ್ದರೆ ಬೂಮ್ ಹತ್ತಿರವಾಗಿದೆ ಅಂತ ಅರ್ಥ. ಮಂಡಿಯ ಮುಂಭಾಗ ನೋಯೋಕೆ ಅಷ್ಟೇ ಸಾಕು.

ಆಮೇಲೆ ಗೇರ್. ಮಾಮೂಲಿ ಸೈಕಲ್‌ನಲ್ಲಿ ಕಷ್ಟವಾದರೆ ಎದ್ದು ನಿಂತು ತುಳಿಯುತ್ತೀರಿ. ಇಲ್ಲಿ ಏಳೋಕಾಗಲ್ಲ. ಬೆನ್ನಿಗೆ ಸೀಟಿನ ಆಸರೆ ಇರೋದರಿಂದ ನಿಮ್ಮ ತೂಕಕ್ಕಿಂತ ಜಾಸ್ತಿ ಬಲ ಹಾಕಿಬಿಡಬಹುದು, ಅದೆಲ್ಲ ಮಂಡಿಗೇ. ಗೇರ್ ಇಳಿಸಿ, ನಿಮಿಷಕ್ಕೆ 80-90 ಸುತ್ತು ಬರುವಂತೆ ತುಳಿಯಿರಿ.

ಎದುರುಗಾಳಿ:
ಬೂಮ್ ಸರಿಯಾಗಿಯೇ ಇದೆ. ಗೇರ್ ಇಳಿಸಿದ ಮೇಲೆ ನೋವು ಕಮ್ಮಿಯಾಯ್ತು, ಪೂರ್ತಿ ಹೋಗಿಲ್ಲ. ಹಿಮ್ಮಡಿ ಹಾಗೇ ತಾಗುತ್ತಿದೆ.

ಮೂರುಗಾಲಿ:
ಹಾಗಾದರೆ 155 ಹಾಕಿ. ಒಳಗಾಲಿನ ಅಳತೆಯ ಶೇ. 21 ಅನ್ನೋ ಲೆಕ್ಕದಲ್ಲೂ ನಿಮಗೆ 155 ಬರುತ್ತದೆ. ಆ ಸೂತ್ರವನ್ನು ನಾನು ಜಾಸ್ತಿ ನಂಬಲ್ಲ. ಪೆಡಲ್ ಹತ್ತಿರ ಬಂದಾಗ ಮಂಡಿ ಎಷ್ಟು ಮಡಚುತ್ತದೆ ಅನ್ನೋದೇ ಮುಖ್ಯ. ಕ್ರ್ಯಾಂಕ್ ಚಿಕ್ಕದಾದರೆ ಅದು ಕಮ್ಮಿಯಾಗುತ್ತದೆ.

ಶಕ್ತಿಯ ಭಯ ಬಿಡಿ. ಮಾರ್ಟಿನ್ ಮತ್ತು ಸ್ಪಿರ್ಡುಸೊ ಅನ್ನೋ ಸಂಶೋಧಕರು 2001ರಲ್ಲಿ 120ರಿಂದ 220 ಮಿ.ಮೀ. ಕ್ರ್ಯಾಂಕ್‌ಗಳನ್ನು ಹೋಲಿಸಿದ್ದರು. ಗರಿಷ್ಠ ಶಕ್ತಿಯಲ್ಲಿ ಬಂದ ವ್ಯತ್ಯಾಸ ಶೇ. 4ರಷ್ಟು, ಅದೂ ಎರಡು ತುದಿಗಳಲ್ಲಿ. 145ಕ್ಕೂ 170ಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಆದರೆ ಬರೀ ಕ್ರ್ಯಾಂಕ್ ಬದಲಿಸಿ ಸುಮ್ನೆ ಕೂರಬೇಡಿ. ಅದೇ ಗೇರ್‌ನಲ್ಲಿ ಸುಮಾರು ಶೇ. 10ರಷ್ಟು ಜಾಸ್ತಿ ಬಲ ಬೇಕಾಗುತ್ತದೆ. ಅದಕ್ಕೆ ಚೈನ್‌ರಿಂಗ್ 46ಕ್ಕೆ ಇಳಿಸಿ. ಬೂಮ್ 15 ಮಿ.ಮೀ. ಮುಂದೆ ತಳ್ಳಿ, ಇಲ್ಲದಿದ್ದರೆ ಕಾಲು ಮೊದಲಿನಷ್ಟು ಚಾಚಲ್ಲ. ಇಲ್ಲೊಂದು ಅನುಕೂಲ ನೋಡಿ: ಬೂಮ್ ಸರಿದಾಗ ಚೈನ್‌ಗೆ 30 ಮಿ.ಮೀ. ಹೆಚ್ಚು ಬೇಕು, 4 ಹಲ್ಲು ಇಳಿದಾಗ ಸುಮಾರು 25 ಮಿ.ಮೀ. ಉಳಿಯುತ್ತದೆ. ಹೆಚ್ಚಿನ ಮಟ್ಟಿಗೆ ಹಳೇ ಚೈನೇ ಸಾಕಾಗುತ್ತದೆ. ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿ, ಡಿರೇಲರ್ (ಹಿಂದೆ ಗೇರ್ ಬದಲಿಸೋ ತೋಳು) ಪೂರ್ತಿ ಎಳೆದುಕೊಂಡಿಲ್ಲ ತಾನೇ ಅಂತ ಒಮ್ಮೆ ನೋಡಿ.

ಹಿಮ್ಮಡಿಗೂ ಜಾಗ ಸಿಗುತ್ತದೆ. ಇನ್ನೂ ತಾಗಿದರೆ ಕ್ಲೀಟನ್ನು (ಶೂ ಅಡಿಯಲ್ಲಿ ಪೆಡಲ್‌ಗೆ ಸಿಕ್ಕಿಸೋ ತುಂಡು) ಹಿಮ್ಮಡಿ ಕಡೆಗೆ ಸರಿಸಿ.

ಎದುರುಗಾಳಿ:
ಈಗಿರೋ ಕ್ರ್ಯಾಂಕಿಗೇ 155ರಲ್ಲಿ ಹೊಸ ತೂತು ಕೊರೆಸಬಹುದಾ?

ಚೈನ್‌ಮಣಿ:
ಗಟ್ಟಿ ಅಲ್ಯೂಮಿನಿಯಂ ಆದರೂ 15 ಮಿ.ಮೀ.ಗೆ ಆಗಲ್ಲ. ಪೆಡಲ್ ತೂತೇ 14 ಮಿ.ಮೀ.ಗಿಂತ ಅಗಲ, ಎರಡರ ನಡುವೆ ಲೋಹವೇ ಉಳಿಯಲ್ಲ. ಶಿಮಾನೊ ಕಂಪನಿಯ ಹಾಲೋಟೆಕ್ ಥರ ಒಳಗೆ ಟೊಳ್ಳಾದ ತೋಳನ್ನಂತೂ ಮುಟ್ಟಲೇಬೇಡಿ. ನಿಮ್ಮದು ಸ್ಕ್ವೇರ್ ಟೇಪರ್ (ಕ್ರ್ಯಾಂಕ್ ಕೂರೋ ಅಚ್ಚಿನ ತುದಿ ಚೌಕ) ಆದರೆ ಮಕ್ಕಳ ಸೈಕಲ್‌ನ 152 ಮಿ.ಮೀ. ಕ್ರ್ಯಾಂಕ್ ಹುಡುಕಿ, ಅಗ್ಗಕ್ಕೆ ಪರೀಕ್ಷೆ ಆಗುತ್ತದೆ. ಪೆಡಲ್ ಬಿಚ್ಚುವಾಗ ಎಡಗಡೆಯದಕ್ಕೆ ಉಲ್ಟಾ ತಿರುಪು, ನೆನಪಿರಲಿ.