ಸ್ಕ್ರಿಪ್ಟ್‌ನಿಂದ ಸೆಕೆಂಡಿಗೆ ಐದು ಸ್ಕ್ರೀನ್‌ಶಾಟ್ ಬೇಕು, ಎರಡೇ ಬರುತ್ತಿವೆ

ತೆರೆಗಣ್ಣು:
ಲಿನಕ್ಸ್, ಎಕ್ಸ್11 (ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಹಳೆಯ ವ್ಯವಸ್ಥೆ) ಸೆಷನ್, 1920×1080 ಸ್ಕ್ರೀನ್. ಒಂದು ಅಪ್ಲಿಕೇಶನ್‌ನಲ್ಲಿ ಎರರ್ ಮೆಸೇಜ್ ಸುಮಾರು ಅರ್ಧ ಸೆಕೆಂಡ್ ಕಾಣಿಸಿ ಮಾಯವಾಗುತ್ತದೆ, ಓದುವಷ್ಟು ಹೊತ್ತು ನಿಲ್ಲುವುದಿಲ್ಲ. ಅದನ್ನು ಹಿಡಿಯಲು ಬ್ಯಾಷ್‌ನಲ್ಲಿ ವೈಲ್ ಲೂಪ್ ಬರೆದು, ಪ್ರತಿ ಸುತ್ತಿಗೆ ಒಮ್ಮೆ ಸ್ಕ್ರಾಟ್ (ಸ್ಕ್ರೀನ್‌ಶಾಟ್ ತೆಗೆಯುವ ಕಮಾಂಡ್) ಓಡಿಸಿ, ಕೊನೆಗೆ 0.2 ಸೆಕೆಂಡ್ ಕಾಯಲು ಸ್ಲೀಪ್ 0.2 ಹಾಕಿದ್ದೇನೆ. ಸೆಕೆಂಡಿಗೆ ಐದು ಬರಬೇಕಲ್ಲ, ಎರಡೇ ಬರುತ್ತಿವೆ. ಸ್ಲೀಪ್ ತೆಗೆದುಹಾಕಿದರೂ ಮೂರರ ಆಸುಪಾಸಿನಲ್ಲೇ ನಿಲ್ಲುತ್ತದೆ, ಒಂದು ಸಿಪಿಯು ಕೋರ್ ಮಾತ್ರ ಪೂರ್ತಿ ಬಿಸಿ. ಫೈಲ್ ಹೆಸರು 1, 2, 3 ಎಂದು ಕೊಟ್ಟಿದ್ದಕ್ಕೆ ಪಟ್ಟಿಯಲ್ಲಿ 10 ಬಂದು 2ಕ್ಕಿಂತ ಮೊದಲು ಕೂರುತ್ತದೆ. ತಿಳಿದವರು ಹೇಳಿ.

ಬೈಟ್‌ಬುಟ್ಟಿ:
ನಿಮ್ಮ ಲೆಕ್ಕದಲ್ಲೇ ಉತ್ತರ ಇದೆ. ಸ್ಲೀಪ್ ಶುರುವಾಗುವುದು ಸ್ಕ್ರಾಟ್ ಮುಗಿದ ಮೇಲೆ. ಸ್ಕ್ರಾಟ್‌ಗೆ 0.3 ಸೆಕೆಂಡ್ ಹಿಡಿದರೆ ಒಂದು ಸುತ್ತಿಗೆ 0.5, ಅಂದರೆ ಸೆಕೆಂಡಿಗೆ ಎರಡು.

ಆ 0.3 ಎಲ್ಲಿ ಹೋಗುತ್ತಿದೆ ಎಂದು ನೋಡಲು ಸ್ಕ್ರಾಟ್ ಮುಂದೆ ಟೈಮ್ ಎಂದು ಸೇರಿಸಿ ಒಮ್ಮೆ ಓಡಿಸಿ. ಯೂಸರ್ ಸಮಯ (ಸಿಪಿಯು ದುಡಿದ ಹೊತ್ತು) ರಿಯಲ್ ಸಮಯಕ್ಕೆ (ಒಟ್ಟು ಹಿಡಿದ ಹೊತ್ತು) ಹತ್ತಿರವಿದ್ದರೆ ಖರ್ಚೆಲ್ಲ ಪಿಎನ್‌ಜಿ ಕಂಪ್ರೆಷನ್‌ನದು. ಯೂಸರ್ ಕಡಿಮೆ, ರಿಯಲ್ ಹೆಚ್ಚು ಇದ್ದರೆ ಡಿಸ್ಕ್ ಮೇಲೆ ಅನುಮಾನ ಪಡಿ. ಕೋರ್ ಬಿಸಿ ಎನ್ನುತ್ತಿದ್ದೀರಿ, ಹಾಗಾಗಿ ಮೊದಲನೆಯದೇ ಇರಬೇಕು. ಪೂರ್ಣ ಸ್ಕ್ರೀನ್ ಅಂದರೆ 20,73,600 ಪಿಕ್ಸೆಲ್. ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ ಪ್ರತಿ ಚಿತ್ರಕ್ಕೂ 82,94,400 ಬೈಟ್. ಅಷ್ಟನ್ನು ಎಕ್ಸ್ ಸರ್ವರ್‌ನಿಂದ ತರುವುದು ಬೇಗ ಆಗುತ್ತದೆ, ಹಿಂಡಿ ಚಿಕ್ಕದು ಮಾಡುವುದೇ ತಡ.

ಎಲ್ಲಕ್ಕಿಂತ ಅಗ್ಗದ ಉಪಾಯ, ಬೇಕಾದ ಜಾಗವನ್ನಷ್ಟೇ ಹಿಡಿಯುವುದು. ಎಕ್ಸ್‌ವಿನ್‌ಇನ್ಫೋ ಓಡಿಸಿ ಆ ವಿಂಡೋ ಮೇಲೆ ಕ್ಲಿಕ್ ಮಾಡಿದರೆ ಎಡ-ಮೇಲಿನ ಮೂಲೆಯ ಎಕ್ಸ್, ವೈ ಮತ್ತು ಅಗಲ, ಎತ್ತರ ಸಿಗುತ್ತವೆ. ಅವನ್ನು ಅದೇ ಕ್ರಮದಲ್ಲಿ, ನಡುವೆ ಕಾಮಾ ಹಾಕಿ, ಸ್ಕ್ರಾಟ್‌ನ ಮೈನಸ್ ಎ ಆಯ್ಕೆಗೆ ಕೊಡಿ. 600×200 ಜಾಗವಾದರೆ ಪಿಕ್ಸೆಲ್ ಹದಿನೇಳು ಪಟ್ಟು ಕಡಿಮೆ. ಜೆಪೆಗ್‌ಗೆ ಬದಲಾಯಿಸಿದರೂ ವೇಗ ಬರುತ್ತದೆ, ಆದರೆ ಸಣ್ಣ ಅಕ್ಷರದ ಅಂಚು ಕಲಸಿಹೋಗುತ್ತದೆ. ಓದುವುದಕ್ಕೇ ತೆಗೆಯುವ ಚಿತ್ರಕ್ಕೆ ಅದು ಬೇಡ.

ಶೆಲ್‌ಸುತ್ತು:
ಮೇಲಿನದಕ್ಕೆ ಸೇರಿಸುತ್ತೇನೆ. ಸ್ಕ್ರಾಟ್ ಕೊನೆಗೆ ಆಂಪರ್ಸ್ಯಾಂಡ್ ಹಾಕಿ ಹಿನ್ನೆಲೆಗೆ ತಳ್ಳಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಕೇಳಬೇಡಿ. ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗಿ ಪ್ರೋಸೆಸ್‌ಗಳು ಗುಡ್ಡೆ ಬೀಳುತ್ತವೆ, ಒಂದೊಂದೂ ಮತ್ತಷ್ಟು ನಿಧಾನವಾಗುತ್ತದೆ, ಯಾವ ಚಿತ್ರ ಯಾವ ಕ್ಷಣದ್ದು ಎಂಬ ಲೆಕ್ಕವೂ ತಪ್ಪುತ್ತದೆ.

ಸರಿಯಾದ ದಾರಿ: ಮುಂದಿನ ಚಿತ್ರದ ಗಡುವನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಪ್ರತಿ ಸುತ್ತಿಗೆ ಅದಕ್ಕೆ 200 ಮಿಲಿಸೆಕೆಂಡ್ ಕೂಡಿಸಿ, ಅದರಲ್ಲಿ ಈಗಿನ ಸಮಯ ಕಳೆದು, ಉಳಿದಷ್ಟು ಮಾತ್ರ ಮಲಗಿ. ಉಳಿಕೆ ಸೊನ್ನೆಗಿಂತ ಕೆಳಗೆ ಬಂದರೆ ಸ್ಲೀಪ್ ಬಿಟ್ಟು ಗಡುವನ್ನು ಈಗಿನ ಸಮಯಕ್ಕೆ ತಂದು ನಿಲ್ಲಿಸಿ. ಇಲ್ಲದಿದ್ದರೆ ಹಿಂದುಳಿದದ್ದನ್ನು ತುಂಬಲು ಲೂಪ್ ಬಿಡುವಿಲ್ಲದೆ ಓಡುತ್ತದೆ. ಸಮಯಕ್ಕೆ ಪ್ರತಿ ಸಲ ಡೇಟ್ ಕಮಾಂಡ್ ಕರೆಯುವ ಬದಲು ಬ್ಯಾಷ್ 5ರಲ್ಲಿರುವ ಈಪೋಕ್‌ರಿಯಲ್‌ಟೈಮ್ ವೇರಿಯಬಲ್ ಬಳಸಿ. ಅದಕ್ಕೆ ಹೊಸ ಪ್ರೋಸೆಸ್ ಬೇಡ. ಚುಕ್ಕಿ ತೆಗೆದುಹಾಕಿದರೆ ನೇರವಾಗಿ ಮೈಕ್ರೋಸೆಕೆಂಡ್ ಪೂರ್ಣಾಂಕ ಸಿಗುತ್ತದೆ.

ಫೈಲ್ ಹೆಸರಿಗೆ ಪ್ರಿಂಟ್‌ಎಫ್‌ನಲ್ಲಿ %06ಡಿ ಕೊಡಿ: 000002, 000010 ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ಚೌಕಟ್ಟು:
ಇಷ್ಟೆಲ್ಲ ಮಾಡಿದರೂ ಪ್ರತಿ ಚಿತ್ರಕ್ಕೆ ಹೊಸ ಪ್ರೋಸೆಸ್ ಹುಟ್ಟಿ ಸಾಯುವುದು ತಪ್ಪುವುದಿಲ್ಲ. ನನ್ನ ಪ್ರಕಾರ ಲೂಪನ್ನೇ ಎಸೆದು ಎಫ್‌ಎಫ್‌ಎಂಪೆಗ್ (ವಿಡಿಯೋ ಹಿಡಿಯುವ, ಬದಲಾಯಿಸುವ ಕಮಾಂಡ್) ಹಿಡಿಯಿರಿ. ಇನ್‌ಪುಟ್ ಫಾರ್ಮ್ಯಾಟ್ ಎಕ್ಸ್11ಗ್ರ್ಯಾಬ್, ಫ್ರೇಮ್‌ರೇಟ್ 10, ವಿಡಿಯೋ ಸೈಜ್ 600×200, ಡ್ರಾ ಮೌಸ್ 0 (ಮೌಸ್ ಬಾಣ ಚಿತ್ರದಲ್ಲಿ ಬೇಡ), ಆಮೇಲೆ ಇನ್‌ಪುಟ್ ಹೆಸರು :0.0+400,300 (ಪ್ಲಸ್ ನಂತರದ್ದು ಎಕ್ಸ್, ವೈ), ಕೊನೆಗೆ %06ಡಿ ಇರುವ ಔಟ್‌ಪುಟ್ ಹೆಸರು. ಕ್ರಮ ಮುಖ್ಯ. ಫ್ರೇಮ್‌ರೇಟ್ ಇನ್‌ಪುಟ್ ಹೆಸರಿಗಿಂತ ಮೊದಲು ಬರಬೇಕು. ನಂತರ ಬರೆದರೆ ಅದು ಔಟ್‌ಪುಟ್‌ನ ಆಯ್ಕೆ ಎಂದಾಗುತ್ತದೆ, ಸ್ಕ್ರೀನ್ ಹಿಡಿಯುವ ವೇಗಕ್ಕೆ (ಡಿಫಾಲ್ಟ್ 29.97) ಅನ್ವಯಿಸುವುದಿಲ್ಲ. ನಿಲ್ಲಿಸಲು ಕ್ಯೂ ಒತ್ತಿ.

ಅರ್ಧ ಸೆಕೆಂಡಿನ ಮೆಸೇಜ್ 10ರ ವೇಗದಲ್ಲಿ ಐದು ಚಿತ್ರಗಳಲ್ಲಿ ಸಿಗುತ್ತದೆ, ಸಾಕು. 60 ಹರ್ಟ್ಸ್ ಮಾನಿಟರ್ 16.7 ಮಿಲಿಸೆಕೆಂಡಿಗೆ ಒಮ್ಮೆ ಬದಲಾಗುವುದರಿಂದ 60ಕ್ಕಿಂತ ಮೇಲೆ ಹೋದರೆ ಬರೀ ನಕಲು.

ಪೂರ್ಣ ಸ್ಕ್ರೀನೇ ಬೇಕು, ವೇಗವೂ ಬೇಕು ಎಂದಾದರೆ ಪಿಎನ್‌ಜಿ ಬದಲು ಮೊದಲು ಲಾಸ್‌ಲೆಸ್ (ಗುಣಮಟ್ಟ ಕಳೆದುಕೊಳ್ಳದ) ವಿಡಿಯೋ ಮಾಡಿಕೊಳ್ಳಿ: ಎನ್‌ಕೋಡರ್ ಲಿಬ್‌ಎಕ್ಸ್264ಆರ್‌ಜಿಬಿ, ಕ್ಯೂಪಿ 0, ಪ್ರಿಸೆಟ್ ಅಲ್ಟ್ರಾಫಾಸ್ಟ್, ಫೈಲ್ ಎಂಕೆವಿ. ಎಂಪಿ4 ಬೇಡ, ನಡುವೆ ಕ್ರ್ಯಾಶ್ ಆದರೆ ಫೈಲ್ ತೆರೆಯುವುದೇ ಇಲ್ಲ. ಚಿತ್ರಗಳನ್ನು ನಂತರ ಬಿಡುವಾಗಿ ಬಿಡಿಸಿಕೊಳ್ಳಬಹುದು. ಆಗ ಎಂಪಿಡೆಸಿಮೇಟ್ ಫಿಲ್ಟರ್ ಹಾಕಿದರೆ ಬದಲಾಗದ ಫ್ರೇಮ್‌ಗಳು ಬಿದ್ದುಹೋಗುತ್ತವೆ. ಜೊತೆಗೆ ಎಫ್‌ಪಿಎಸ್ ಮೋಡ್ ವಿಎಫ್‌ಆರ್ (ಬದಲಾಗುವ ಫ್ರೇಮ್‌ರೇಟ್) ಕೊಡದಿದ್ದರೆ ಬಿದ್ದ ಜಾಗಕ್ಕೆ ಹಳೆಯ ಫ್ರೇಮ್ ಮತ್ತೆ ತುಂಬಿಕೊಳ್ಳುತ್ತದೆ. ಬೂದು ಹಿನ್ನೆಲೆ ಮೇಲಿನ ತಿಳಿಬೂದು ಅಕ್ಷರವನ್ನು ಈ ಫಿಲ್ಟರ್ ಬದಲಾವಣೆ ಎಂದೇ ಎಣಿಸದಿರಬಹುದು, ಮೂಲ ವಿಡಿಯೋ ಅಳಿಸಬೇಡಿ.

ತೆರೆಗಣ್ಣು:
ಎಫ್‌ಎಫ್‌ಎಂಪೆಗ್‌ನಿಂದ ಮೆಸೇಜ್ ಸಿಕ್ಕಿತು, ಧನ್ಯವಾದ. ಅದೇ ಕಮಾಂಡ್ ಇನ್ನೊಂದು ಮೆಷಿನ್‌ನಲ್ಲಿ ಬರೀ ಕಪ್ಪು ಚಿತ್ರ ಕೊಡುತ್ತಿದೆ, ಎರರ್ ಏನೂ ಇಲ್ಲ. ಕ್ರಾನ್‌ನಿಂದ (ನಿಗದಿತ ಸಮಯಕ್ಕೆ ಕಮಾಂಡ್ ಓಡಿಸುವ ಸೇವೆ) ಓಡಿಸಿದರೆ ಡಿಸ್‌ಪ್ಲೇ ತೆರೆಯಲಾಗಲಿಲ್ಲ ಅನ್ನುತ್ತದೆ.

ಬೈಟ್‌ಬುಟ್ಟಿ:
ಕಪ್ಪು ಬಂದರೆ ಅಲ್ಲಿರುವುದು ವೇಲ್ಯಾಂಡ್ (ಎಕ್ಸ್11ರ ಬದಲಿಗೆ ಬಂದ ಹೊಸ ವ್ಯವಸ್ಥೆ) ಇರಬೇಕು. ಎಕ್ಸ್‌ಡಿಜಿ ಸೆಷನ್ ಟೈಪ್ ವೇರಿಯಬಲ್ ಎಕೋ ಮಾಡಿ ನೋಡಿ. ವೇಲ್ಯಾಂಡ್‌ನಲ್ಲಿ ಒಂದು ಪ್ರೋಗ್ರಾಂ ಇನ್ನೊಂದರ ವಿಂಡೋವನ್ನು ನೇರವಾಗಿ ಓದಲು ಬಿಡುವುದಿಲ್ಲ. ಸ್ವೇ ಥರದ ಕಂಪೋಸಿಟರ್ (ವಿಂಡೋಗಳನ್ನು ಜೋಡಿಸಿ ತೋರಿಸುವ ಪ್ರೋಗ್ರಾಂ) ಆದರೆ ಗ್ರಿಮ್ ಎಂಬ ಸ್ಕ್ರೀನ್‌ಶಾಟ್ ಕಮಾಂಡ್ ಇದೆ: ಮೈನಸ್ ಜಿಗೆ ಜಾಗ, ಮೈನಸ್ ಎಲ್‌ಗೆ ಕಂಪ್ರೆಷನ್ 0ರಿಂದ 9, ವೇಗಕ್ಕೆ 1 ಇಡಿ. ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಗ್ರಿಮ್ ನಡೆಯುವುದಿಲ್ಲ. ಅದರದೇ ಸ್ಕ್ರೀನ್ ರೆಕಾರ್ಡರ್‌ನಲ್ಲಿ ವಿಡಿಯೋ ಮಾಡಿ ಫ್ರೇಮ್ ಬಿಡಿಸಿ, ಅಥವಾ ಲಾಗಿನ್ ಪರದೆಯಲ್ಲಿ ಎಕ್ಸ್11 ಆಯ್ಕೆ ಇದ್ದರೆ ಅದರಲ್ಲಿ ಒಳಗೆ ಬನ್ನಿ.

ಕ್ರಾನ್‌ಗೆ ನಿಮ್ಮ ಸೆಷನ್‌ನ ಡಿಸ್‌ಪ್ಲೇ, ಎಕ್ಸ್‌ಅಥಾರಿಟಿ ವೇರಿಯಬಲ್‌ಗಳು ಗೊತ್ತಿರುವುದಿಲ್ಲ. ಸ್ಕ್ರಿಪ್ಟ್‌ನ ಮೊದಲಲ್ಲೇ ಎಕ್ಸ್‌ಪೋರ್ಟ್ ಮಾಡಿ.

ಶೆಲ್‌ಸುತ್ತು:
ಡಿಸ್ಕ್ ನಿಧಾನ ಎಂದು /ಡೆವ್/ಎಸ್‌ಎಚ್‌ಎಂನಲ್ಲಿ ಉಳಿಸುವವರಿಗೆ ಎರಡು ಮಾತು. ಅದು ರ್‍ಯಾಮ್, ಸಾಮಾನ್ಯವಾಗಿ ಒಟ್ಟು ರ್‍ಯಾಮ್‌ನ ಅರ್ಧವೇ ಮಿತಿ, ರೀಬೂಟ್ ಆದರೆ ಎಲ್ಲವೂ ಹೋಯಿತು. ಅಲ್ಲದೆ ಆ ಫೋಲ್ಡರ್ ಎಲ್ಲ ಬಳಕೆದಾರರಿಗೂ ತೆರೆದಿರುತ್ತದೆ, ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಚಾಟ್, ಮೇಲ್ ಏನು ಬೇಕಾದರೂ ಬಿದ್ದಿರಬಹುದು. ಒಳಗೆ 700 ಅನುಮತಿಯ (ನಿಮಗೆ ಮಾತ್ರ ತೆರೆಯುವ) ಉಪಫೋಲ್ಡರ್ ಮಾಡಿ, ಅದರಲ್ಲೇ ಬರೆಯಿರಿ.