ಅಮೀನರ ಮೇಲೆ ಹಲ್ಲೆ: ನ್ಯಾಯಾಂಗ ನಿಂದನೆ ಮೇಲ್ಮನವಿಯಲ್ಲಿ ಗಾಯ ಸಾಬೀತು ಹೇಗೆ?

ಕಡತಪ್ರಿಯ: ಬೆಂಗಳೂರು ಸಿಟಿ ಸಿವಿಲ್ ಕೋರ್ಟಿನ ಡೆಲಿವರಿ ವಾರಂಟ್ (ಸ್ವತ್ತನ್ನು ಸ್ವಾಧೀನಕ್ಕೆ ಕೊಡಿಸುವ ಆದೇಶ) ಜಾರಿಗೆ ಹೋದ ಅಮೀನರಿಗೆ ಹೊಡೆದಿದ್ದಾರೆ. ಹೈಕೋರ್ಟಿನ ದ್ವಿಸದಸ್ಯ ಪೀಠ ಕ್ರಿಮಿನಲ್ ನಿಂದನೆ ಪ್ರಕರಣ ಕೈಬಿಟ್ಟಿದೆ. ವೂಂಡ್ ಸರ್ಟಿಫಿಕೇಟ್ (ವೈದ್ಯರು ಕೊಟ್ಟ ಗಾಯದ ಪ್ರಮಾಣಪತ್ರ) ಇದೆ, ವೈದ್ಯರ ಹೇಳಿಕೆ ಆಗಿಲ್ಲ. ಮೇಲ್ಮನವಿಯಲ್ಲಿ ಗಾಯ ಸಾಬೀತು ಮಾಡಬಹುದೇ?

ಹೈಕೋರ್ಟ್ ಮೆಟ್ಟಿಲು: ಮೇಲ್ಮನವಿಯೇ ಇಲ್ಲ ಸಾರ್. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 19ನೇ ಕಲಮು ಶಿಕ್ಷೆ ಕೊಟ್ಟ ಆದೇಶಕ್ಕೆ ಮಾತ್ರ. ಕೈಬಿಟ್ಟಿದ್ದರೆ ಸಂವಿಧಾನದ 136ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಎಸ್‌ಎಲ್‌ಪಿ (ವಿಶೇಷ ಅನುಮತಿ ಅರ್ಜಿ), ಅವಧಿ 90 ದಿನ. ಶಿಕ್ಷೆಯಾಗಿದ್ದರೆ ಆರೋಪಿಗೆ ಸುಪ್ರೀಂ ಕೋರ್ಟಿಗೆ ಹೋಗಲು 60 ದಿನ. 30 ದಿನ ಅನ್ನುವುದು ಏಕಸದಸ್ಯ ಪೀಠದಿಂದ ದ್ವಿಸದಸ್ಯ ಪೀಠಕ್ಕೆ. ಇದನ್ನು ಕಲಸುಮೇಲೋಗರ ಮಾಡುವವರೇ ಹೆಚ್ಚು.

ಎಂಎಲ್‌ಸಿ: ಗಾಯಕ್ಕೇ ಜೋತುಬೀಳಬೇಡಿ. ಅದೇ ಕಾಯ್ದೆಯ ಕ್ರಿಮಿನಲ್ ನಿಂದನೆಯ ಕಲಮು 2(ಸಿ)(iii)ಕ್ಕೆ ಬೇಕಾದ್ದು ನ್ಯಾಯದಾನಕ್ಕೆ ಅಡ್ಡಿ. ಬಂದವರು ಕೋರ್ಟಿನ ಅಮೀನರು ಅಂತ ಗೊತ್ತಿತ್ತೇ, ವಾರಂಟ್ ತೋರಿಸಿದರೇ, ಜಾರಿ ನಿಂತಿತೇ? ಇದು ಸಂದೇಹಾತೀತವಾಗಿ ಸಾಬೀತಾದರೆ ಒಂದು ತರಚು ಗಾಯ ಇಲ್ಲದಿದ್ದರೂ ಪ್ರಕರಣ ನಿಲ್ಲುತ್ತದೆ. ಗಾಯ ಅದಕ್ಕೊಂದು ಬೆಂಬಲ, ಶಿಕ್ಷೆಯ ಪ್ರಮಾಣಕ್ಕೂ ಲೆಕ್ಕಕ್ಕೆ ಬರುತ್ತದೆ.

ಸರ್ಟಿಫಿಕೇಟ್ ಕಡತದಲ್ಲಿದ್ದ ಮಾತ್ರಕ್ಕೆ ಅದರ ಒಕ್ಕಣೆ ಸಾಬೀತಾಗುವುದಿಲ್ಲ. ಪರೀಕ್ಷಿಸಿದ ವೈದ್ಯರ ಅಫಿಡವಿಟ್ ಆದರೂ ಬೇಕು, ಎದುರು ಪಕ್ಷ ಕೇಳಿದರೆ ಪಾಟಿ ಸವಾಲು. ಜೊತೆಗೆ ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ ಪ್ರಕರಣ) ರಿಜಿಸ್ಟರಿನ ದೃಢೀಕೃತ ನಕಲು, ಠಾಣೆಗೆ ಹೋದ ಇಂಟಿಮೇಶನ್, ಎಕ್ಸ್‌ರೇ. ನೋಡಬೇಕಾದ್ದು: ಪರೀಕ್ಷೆಯ ಸಮಯ, 'ಯಾರು, ಯಾವುದರಿಂದ ಹೊಡೆದರು' ಎಂದು ಗಾಯಾಳು ಮೊದಲು ಹೇಳಿದ್ದು, ಸೆಂಟಿಮೀಟರಿನಲ್ಲಿ ಅಳತೆ, ಬಣ್ಣ. ಬೆಳಿಗ್ಗೆ ಹೊಡೆದರೆಂದು ದೂರಿದ್ದು, ಅದೇ ಮಧ್ಯಾಹ್ನ ಕಂದಿದ ಜಾಗ ಹಳದಿಗೆ ತಿರುಗಿತ್ತು ಅಂತ ಬರೆದಿದ್ದರೆ ಕಷ್ಟ. ಹಳದಿ ಕಾಣಲು ಸಾಮಾನ್ಯವಾಗಿ 18 ಗಂಟೆಯಾದರೂ ಬೇಕು. ಬಣ್ಣದಿಂದ ಅದಕ್ಕಿಂತ ನಿಖರವಾಗಿ ದಿನ ಲೆಕ್ಕ ಹಾಕಲು ಹೋಗಬೇಡಿ.

ಹೈಕೋರ್ಟಿನಲ್ಲಿ ಹಾಜರುಪಡಿಸದ ದಾಖಲೆಯನ್ನು ಸುಪ್ರೀಂ ಕೋರ್ಟಿನಲ್ಲಿ ಹೊಸದಾಗಿ ಇಡುವುದಾದರೆ ಮೊದಲೇ ಏಕೆ ಕೊಡಲಿಲ್ಲ ಅನ್ನುವುದಕ್ಕೆ ಗಟ್ಟಿ ಕಾರಣ ಬೇಕು. ಲೋಪ ಮುಚ್ಚುವುದಕ್ಕೆ ಅಂತಾದರೆ ತಳ್ಳಿಹಾಕುತ್ತಾರೆ.

ತರ್ಜುಮೆ: ದೂರು, ಮಹಜರು ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಹಾಕಲೇಬೇಕು. ಪೊಲೀಸ್ ಕನ್ನಡದ 'ಮೂಗೇಟು' ಅಂದರೆ ರಕ್ತ ಬಾರದ ಒಳಪೆಟ್ಟು. ಅನುವಾದಕರು ಮೂಗಿನ ಪೆಟ್ಟು ಅಂತ ಬರೆದರೋ, ಸರ್ಟಿಫಿಕೇಟಿನಲ್ಲಿ ಬರೀ ಭುಜದ ಗಾಯ, ದೂರಿನಲ್ಲಿ ಮೂಗು! ಎದುರು ವಕೀಲರಿಗೆ ಹಬ್ಬ. 'ಹರಿದ', 'ಕೊಯ್ದ' ಇವನ್ನೂ ಅದಲು ಬದಲು ಮಾಡದಂತೆ ನೋಡಿಕೊಳ್ಳಿ. ಮೊದಲನೆಯದು ದೊಣ್ಣೆಯ ಗಾಯ, ಇನ್ನೊಂದು ಚಾಕುವಿನದು.

ಕಡತಪ್ರಿಯ: ಎಕ್ಸ್‌ರೇ ವರದಿ ಇದೆ, ಫಿಲ್ಮ್ ಇಲ್ಲ.

ಎಂಎಲ್‌ಸಿ: ಮೂಳೆ ಮುರಿತ ಅಂತಿದ್ದರೆ ಫಿಲ್ಮ್ ಬೇಕೇ ಬೇಕು. ಮುರಿತವಿದ್ದರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 116ರಲ್ಲಿ ತೀವ್ರ ಗಾಯ. ಎಂಎಲ್‌ಸಿ ನಂಬರ್ ಹಾಕಿ ಆಸ್ಪತ್ರೆಯ ರೇಡಿಯಾಲಜಿ ವಿಭಾಗಕ್ಕೆ ಅರ್ಜಿ ಕೊಡಿ. ಡಿಜಿಟಲ್ ಪ್ರತಿ ಸಿಕ್ಕರೆ ಜೊತೆಗೆ ಬಿಎಸ್‌ಎ (ಭಾರತೀಯ ಸಾಕ್ಷ್ಯ ಅಧಿನಿಯಮ) 63(4)ರ ಪ್ರಮಾಣಪತ್ರ.