ಕಾಚಂಪುಳಿ ಕ್ಯಾಪ್ಸೂಲ್: ಈ ವಿಡಿಯೋ ನಂಬಬಹುದಾ?

ಗೋಣಿಕೊಪ್ಪದ ಸೊಸೆ:
ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂದಿದೆ. ಕಾಚಂಪುಳಿ (ನಮ್ಮ ಕೊಡಗಿನ ಅಡುಗೆಯ ಹುಳಿ) ಹಣ್ಣಿನ ಕ್ಯಾಪ್ಸೂಲ್ ತಗೊಂಡರೆ ಬೊಜ್ಜು ಕರಗುತ್ತದಂತೆ, ಶುಗರ್ ಮಾತ್ರೆಯೂ ಬೇಡವಂತೆ. ಕೆಳಗೇ ಕೊಳ್ಳುವ ಲಿಂಕ್. ಅತ್ತೆ ಆಗಲೇ ಡಬ್ಬಿ ತರಿಸಿದ್ದಾರೆ. "ಪಂದಿಕರಿಗೆ ದಿನಾ ಹಾಕೋದೇ ತಾನೆ, ಏನಾಗುತ್ತೆ?" ಅನ್ನುತ್ತಾರೆ. ಗೂಗಲ್ ಮಾಡಿದರೆ ಕೆಲವರು ಅಮೃತ ಅನ್ನುತ್ತಾರೆ, ಕೆಲವರು ವಿಷ. ಯಾರನ್ನು ನಂಬೋದು?

ಮಡಿಕೇರಿ ನರ್ಸಮ್ಮ (ನಿವೃತ್ತ):
ಮೊದಲು ಶುಗರ್ ಮಾತ್ರೆ ನಿಲ್ಲಿಸದ ಹಾಗೆ ನೋಡಿಕೊಳ್ಳಿ. ಉಳಿದದ್ದು ಆಮೇಲೆ.

ಕರಿಗೆ ಬೀಳುವ ಒಂದು ಚಮಚ ಹುಳಿ ಬೇರೆ, ಸಾರ ತೆಗೆದು ದಿನಾ ನುಂಗುವ ಕ್ಯಾಪ್ಸೂಲ್ ಬೇರೆ. ಕಾಚಂಪುಳಿ ಅಂತ ಹುಡುಕಿದರೆ ಅಡುಗೆ ವಿಡಿಯೋಗಳೇ ಜಾಸ್ತಿ. ಆ ಹಣ್ಣಿನ ವೈಜ್ಞಾನಿಕ ಹೆಸರು 'ಗಾರ್ಸಿನಿಯಾ ಕ್ಯಾಂಬೋಜಿಯಾ', ಹಾಗೆ ಹುಡುಕಿ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿದ್ದರು. ಸುಮಾರು ಅರ್ಧ ಜನಕ್ಕೆ ಇದು, ಉಳಿದವರಿಗೆ ಔಷಧವೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ನುಂಗಿದವರಿಗೂ ಗೊತ್ತಿರಲಿಲ್ಲ. ಪಥ್ಯ ಮಾತ್ರ ಎಲ್ಲರಿಗೂ ಇತ್ತು. ಎರಡೂ ಗುಂಪಿನವರ ತೂಕ ಇಳಿಯಿತು, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವಿಡಿಯೋದ ಹೆಂಗಸು ನಿಜವಾಗಿಯೂ ಸಣ್ಣಗಾಗಿರಬಹುದು. ಯಾವುದರಿಂದ ಅಂತ ಅವಳಿಗೇನು ಗೊತ್ತು?

ಇಂಥ ಕ್ಯಾಪ್ಸೂಲ್ ತಿಂದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದದ್ದೂ ದಾಖಲಾಗಿದೆ. ಅಪರೂಪ, ಆದರೆ ಸುಳ್ಳಲ್ಲ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ. ಓದೋಕೆ ಮೆಡ್‌ಲೈನ್‌ಪ್ಲಸ್ ಒಳ್ಳೆಯದು. ಅಮೆರಿಕ ಸರ್ಕಾರದ ಆರೋಗ್ಯ ವೆಬ್‌ಸೈಟ್, ಇಂಗ್ಲಿಷಿನಲ್ಲಿದೆ, ಏನನ್ನೂ ಮಾರುವುದಿಲ್ಲ.

ಗೋಣಿಕೊಪ್ಪದ ಸೊಸೆ:
ಡಬ್ಬಿ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಲ್ಲ? ಸರ್ಕಾರ ಒಪ್ಪಿದೆ ಅಂತ ಅತ್ತೆಯ ವಾದ.

ಮಡಿಕೇರಿ ನರ್ಸಮ್ಮ (ನಿವೃತ್ತ):
ಅದು ಆಹಾರ ವ್ಯಾಪಾರದ ಲೈಸೆನ್ಸ್. ಉಪ್ಪಿನಕಾಯಿ ಬಾಟಲಿ ತಿರುಗಿಸಿ ತೋರಿಸಿ, ಅದರ ಮೇಲೂ ಇರುತ್ತದೆ. ಶುಗರ್ ವಾಸಿ ಮಾಡುತ್ತೇವೆ ಅಂತ ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಹಾಗೆ ಹೇಳುವವರನ್ನು ಕಂಡರೆ ನನಗಂತೂ ಅಲ್ಲೇ ಅನುಮಾನ.

ಸಿದ್ದಾಪುರ ಕಾಫಿಗಿಡ:
ಸೊಸೆ ಹೇಳಿದರೆ ಅತ್ತೆ ಕೇಳುತ್ತಾರಾ, ಸುಮ್ನೆ ಜಗಳ! 104ಕ್ಕೆ ಫೋನ್ ಮಾಡಿ ಅವರ ಕೈಗೇ ಕೊಡಿ. ಸರ್ಕಾರದ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಡಬ್ಬಿ ಎದುರಿಗಿರಲಿ, ಈಗ ತಗೊಳ್ಳುವ ಮಾತ್ರೆಗಳ ಚೀಟಿಯೂ ಇರಲಿ.